ನಮ್ಮ ಮನೆ ಕಟ್ಟಿಕೊಟ್ಟ ಮೆನೊನೈಟ್ ಯಜಮಾನ್ರು ಹೋಗ್ಬಿಟ್ರು

ಕಳೆದ ವಾರ ಹೋದ್ರು, ಎಂಬತ್ತರ ಹತ್ರ ವಯಸ್ಸು. ಹೆಸರು ಹಾಕ್ತಿಲ್ಲ, ಹೆಸರು ಎಲ್ಲಾದ್ರೂ ಎದ್ದು ಕಾಣೋದು ಅವರಿಗೆ ಜೀವಮಾನದಲ್ಲೇ ಇಷ್ಟ ಇರ್ಲಿಲ್ಲ, ಕಂಪನಿ ಪಿಕಪ್ ಟ್ರಕ್ ಮೇಲೂ ಬರೆಸಿರ್ಲಿಲ್ಲ. ಇಲ್ಲಿ ಕೆನಡಾದ ವಾಟರ್‌ಲೂದಲ್ಲಿ ಇರೋ ನಮ್ಮ ಕನ್ನಡದವ್ರಲ್ಲಿ ಮೂರ್ನಾಲ್ಕು ಮನೆಯವ್ರಿಗೆ ಅವರು ಗೊತ್ತು, ಉಳಿದವ್ರಿಗೂ ಗೊತ್ತಾಗ್ಲಿ ಅಂತ ಬರೀತಿದೀನಿ. ಉದ್ದ ಆಗತ್ತೆ, ಪುರುಸೊತ್ತಾದಾಗ ಓದಿ.

ಮೆನೊನೈಟ್ ಅನ್ನೋದು ಒಂದು ಕ್ರಿಶ್ಚಿಯನ್ ಪಂಗಡ, ಹೆಸರು ಕೇಳಿದ್ರೆ ನಮ್ಮವ್ರಿಗೆ ತಲೆಗೆ ಬರೋದು ಸೇಂಟ್ ಜೇಕಬ್ಸ್ ಮಾರ್ಕೆಟ್ಟಿನ ಹತ್ರ ಕಾಣೋ ಕುದುರೆ ಗಾಡಿ, ಕಪ್ಪು ಬಟ್ಟೆ, ಮೇಪಲ್ ಸಿರಪ್. ಅವರು ಅದ್ರೊಳಗಿನ ಓಲ್ಡ್ ಆರ್ಡರ್ ಪಂಗಡ, ಒಂಟಾರಿಯೋದಲ್ಲಿ 1889ರಲ್ಲಿ ಬೇರೆ ಆದೋರು. ನಮ್ಮ ಯಜಮಾನ್ರು ಆ ಪಂಗಡ ಅಲ್ಲ, ಟ್ರಕ್ ಓಡಿಸ್ತಿದ್ರು, ಫೋನ್ ಇತ್ತು, ಹಾಕಿ ಮ್ಯಾಚೂ ನೋಡೋರು. ಆದ್ರೆ ಬೇರು ಒಂದೇ. 1525ರಲ್ಲಿ ಜ್ಯೂರಿಕ್‌ನಲ್ಲಿ ಒಂದಿಷ್ಟು ಜನ, ಕೂಸಿಗೆ ಮಾಡೋ ಬ್ಯಾಪ್ಟಿಸಂ ನಾವು ಒಪ್ಪಲ್ಲ, ಬುದ್ಧಿ ಬಂದ್ಮೇಲೆ ಮನುಷ್ಯ ತಾನೇ ಒಪ್ಪಿ ತಗೋಬೇಕು, ಜೊತೆಗೆ ಕತ್ತಿ ಹಿಡಿಯಲ್ಲ ಅಂತ ಹೊರಟ್ರಲ್ಲ, ಅಲ್ಲಿಂದ ಬಂದ ಜನ ಇವರು. ಅಷ್ಟಕ್ಕೇ 1527ರಲ್ಲಿ ಫೆಲಿಕ್ಸ್ ಮಾಂಟ್ಸ್ ಅನ್ನೋರನ್ನ ಕಟ್ಟಿ ಲಿಮ್ಮಾಟ್ ನದಿಗೆ ಹಾಕಿ ಮುಳುಗಿಸಿದ್ರು. 1536ರಲ್ಲಿ ಪಾದ್ರಿ ಕೆಲ್ಸ ಬಿಟ್ಟು ಬಂದ ಮೆನ್ನೋ ಸೈಮನ್ಸ್ ಹೆಸರು ಆಮೇಲೆ ಇವರಿಗೆ ಅಂಟಿಕೊಳ್ತು. ಯುರೋಪಿಂದ ಪೆನ್ಸಿಲ್ವೇನಿಯಾ, ಅಲ್ಲಿಂದ 1800ರ ಆಸುಪಾಸಿನಲ್ಲಿ ಗಾಡಿ ಹೊಡ್ಕೊಂಡು ಇಲ್ಲಿಗೆ. 1805ರಲ್ಲಿ 60,000 ಎಕರೆ ಕೊಂಡ್ರು. ಇಲ್ಲೊಂದು ಮಾತು ಯಜಮಾನ್ರು ಯಾವಾಗ್ಲೂ ಸೇರಿಸೋರು, ಗ್ರ್ಯಾಂಡ್ ನದಿ ಪಕ್ಕದ ಆ ಭೂಮಿ 1784ರಲ್ಲಿ ಸಿಕ್ಸ್ ನೇಷನ್ಸ್ ಅನ್ನೋ ಮೂಲನಿವಾಸಿ ಜನಕ್ಕೆ ಬರೆದು ಕೊಟ್ಟಿದ್ದು, ನಮ್ಮಜ್ಜಂದಿರು ಖಾಲಿ ಕಾಡಿಗೆ ಬಂದ್ರು ಅಂತ ಹೇಳೋದು ತಪ್ಪು ಅಂತ.

ಅವರು ವರ್ಷಕ್ಕೆ ಕಟ್ತಿದ್ದಿದ್ದು ಮೂರು ಮನೆ, ಹೆಚ್ಚಂದ್ರೆ ನಾಲ್ಕು. ಈ ಊರಲ್ಲಿ ಟೆಕ್ ಕಂಪನಿಗಳು ಬಂದು ಸೈಟಿಗೆ ಬಂಗಾರದ ಬೆಲೆ ಬಂದ ಕಾಲದಲ್ಲೂ ಅಷ್ಟೇ. ದೊಡ್ಡ ಬಿಲ್ಡರ್‌ಗಳು ಒಂದೇ ಬೀದೀಲಿ ಸಾಲಾಗಿ ನೂರು ಮನೆ ಎಬ್ಬಿಸ್ತಿದ್ದಾಗ ಇವರ ಹತ್ರ ಕಾಯೋರ ಪಟ್ಟಿ ಇತ್ತು, ಆದ್ರೂ ಬೆಳೆಸಲಿಲ್ಲ. ನಾನು ಕೇಳಿದ್ದೆ ಯಾಕೆ ಅಂತ. ನಾಲ್ಕಕ್ಕಿಂತ ಜಾಸ್ತಿ ಆದ್ರೆ ಸಂಜೆ ಊಟಕ್ಕೆ ಮನೆಗೆ ಹೋಗಕ್ಕಾಗಲ್ಲ ಅಂದ್ರು. ಐದು ಮಕ್ಕಳು, ಐದೂ ಮಕ್ಕಳು ದೊಡ್ಡೋರಾಗೋವರೆಗೂ ಆರು ಗಂಟೆ ಊಟಕ್ಕೆ ಅಪ್ಪ ಇರ್ತಿದ್ರು ಅಂತ ಮೊನ್ನೆ ಚರ್ಚಲ್ಲಿ ಅವರ ಹಿರಿ ಮಗಳೇ ಹೇಳಿದ್ರು. ಇದನ್ನ ನಾನು ತುಂಬಾ ದೊಡ್ಡ ವಿಷ್ಯ ಅಂತ್ಲೇ ನಂಬಿದೀನಿ. ಬಿಸಿನೆಸ್ ಬೆಳೀಲಿಲ್ಲ ಅಂದ್ರೆ ಸೋತ ಅಂತ ನಮ್ಮಲ್ಲಿ ಲೆಕ್ಕ, ಇವರು ಎಷ್ಟು ಸಾಕು ಅಂತ ಮೂವತ್ತನೇ ವಯಸ್ಸಿಗೇ ತೀರ್ಮಾನ ಮಾಡಿ ಸಾಯೋವರೆಗೂ ಅದನ್ನ ಬದಲಾಯಿಸಲಿಲ್ಲ.

ನಮ್ಮ ಮನೆ ವಿಷ್ಯ ಹೇಳ್ತೀನಿ. ಪ್ಲಾನ್ ಮಾತಾಡಕ್ಕೆ ಕೂತಾಗ ಎಷ್ಟು ಸ್ಕ್ವೇರ್ ಫೀಟು, ಎಷ್ಟು ಬೆಡ್‌ರೂಮು ಅಂತ ಕೇಳ್ಲಿಲ್ಲ, ಯಾರ್ಯಾರು ಇರ್ತೀರ, ಅದ್ರಲ್ಲಿ ವಯಸ್ಸಾದೋರು ಯಾರು ಅಂತ ಕೇಳಿದ್ರು. ಅಪ್ಪ ಅವ್ವ ಕೊಡಗಿಂದ ಬಂದು ಆರಾರು ತಿಂಗಳು ಇರ್ತಾರೆ ಅಂದೆ. ತಕ್ಷಣ ಮಾಸ್ಟರ್ ಬೆಡ್‌ರೂಮ್ ಇರೋ ಮಹಡಿ ಪ್ಲಾನನ್ನ ಪಕ್ಕಕ್ಕಿಟ್ಟು ಕೆಳಗೇ ಒಂದು ರೂಮು, ಅದಕ್ಕೇ ಸೇರಿದ ಬಾತ್‌ರೂಮು, 36 ಇಂಚಿನ ಬಾಗ್ಲು ಅಂತ ಪೆನ್ಸಿಲಲ್ಲಿ ಗೀಚಿದ್ರು. ಅವರ ಕಡೆ ಹಳ್ಳಿ ಮನೆಗಳಲ್ಲಿ ಮಗನಿಗೆ ಹೊಲ ವಹಿಸಿಕೊಟ್ಟ ಮೇಲೆ ಅಪ್ಪ ಅಮ್ಮ ದೊಡ್ಡ ಮನೆಗೇ ಅಂಟಿಕೊಂಡ ಒಂದು ಚಿಕ್ಕ ಮನೆಗೆ ಹೋಗ್ತಾರೆ, ಡಾಡಿ ಹೌಸ್ ಅಂತಾರೆ, ಅಡುಗೆ ಬೇರೆ, ಆದ್ರೆ ಮೊಮ್ಮಕ್ಕಳ ಗಲಾಟೆ ಗೋಡೆ ಆಚೆನೇ. ಬಾತ್‌ರೂಮಿನ ಗೋಡೆಗೆ ಡ್ರೈವಾಲ್ ಹಲಗೆ ಹೊಡೆಯೋ ಮುಂಚೆ ಒಳಗೆ ಎರಡು ಸ್ಟಡ್ (ಗೋಡೆ ಒಳಗೆ ನಿಲ್ಸೋ ಮರ) ಮಧ್ಯೆ ದಪ್ಪ ಮರದ ತುಂಡು ಅಡ್ಡ ಕೂರಿಸಿ, ಫೋಟೋ ತೆಗೆದು ಅಳತೆ ಬರೆದು ನನ್ನ ಕೈಗೆ ಕೊಟ್ಟಿದ್ರು. ಮುಂದೆ ಅಪ್ಪಂಗೆ ಮಂಡಿ ಆಪರೇಷನ್ ಆದಾಗ ಹಿಡ್ಕೊಳ್ಳೋ ಕಂಬಿ ಸೀದಾ ಅಲ್ಲಿಗೇ ಸ್ಕ್ರೂ ಹೊಡೆದ್ವಿ, ಗೋಡೆ ಒಡೆಯೋ ಕೆಲ್ಸನೇ ಇರ್ಲಿಲ್ಲ.

ಇನ್ನೊಂದು ದೀಪದ ವಿಷ್ಯ. ನಮ್ಮ ಐನ್‌ಮನೆಯಲ್ಲಿ, ಅಂದ್ರೆ ಕುಟುಂಬದ ಮೂಲ ಮನೇಲಿ, ನೆಲ್ಲಕ್ಕಿ ನಡುಬಾಡೆ ಅನ್ನೋ ನಡುಮನೇಲಿ ತೂಗುದೀಪ ಇರತ್ತಲ್ಲ, ಒಂದು ಹಿತ್ತಾಳೆ ದೀಪ ಅವ್ವ ಊರಿಂದ ತಂದಿದ್ರು. ಅದನ್ನ ಹಾಲಲ್ಲಿ ನೇತು ಹಾಕ್ಬೇಕು, ದಿನಾ ಎಣ್ಣೆ ಹಾಕಿ ಹಚ್ತೀವಿ ಅಂದಾಗ ಯಜಮಾನ್ರು ಮುಖದಲ್ಲಿ ಒಂದು ಗೆರೆನೂ ಬದಲಾಗಲಿಲ್ಲ. ದೀಪ ಕೈಲಿ ಹಿಡಿದು ತೂಕ ನೋಡಿದ್ರು, ಸೀಲಿಂಗ್ ಒಳಗೆ ಎರಡು ಜಾಯಿಸ್ಟ್ (ಅಡ್ಡ ತೊಲೆ) ಮಧ್ಯೆ ಗಟ್ಟಿ ಮರ ಕೊಟ್ರು, ಕರ್ಟನ್ ಎಷ್ಟು ದೂರ ಬರತ್ತೆ ಅಂತ ಅಳೆದ್ರು, ಸ್ಮೋಕ್ ಅಲಾರಂ ಎಲ್ಲಿ ಕೂರಿಸ್ಬೇಕು ಅಂತ ಯೋಚ್ನೆ ಮಾಡಿದ್ರು. ತಮ್ಮ ನಂಬಿಕೆಯಲ್ಲಿ ಅಷ್ಟು ಗಟ್ಟಿ ಇದ್ದ ಮನುಷ್ಯ ಬೇರೆಯವ್ರ ದೇವ್ರ ದೀಪಕ್ಕೆ ಅಷ್ಟು ಮುತುವರ್ಜಿ ವಹಿಸಿದ್ದು ನಂಗೆ ಇವತ್ತಿಗೂ ಮನಸ್ಸಲ್ಲಿ ಕೂತಿದೆ.

ಅಪ್ಪ ಮತ್ತು ಅವರ ಸ್ನೇಹ ಇದೆಯಲ್ಲ, ಅದು ಬೇರೆನೇ ಕಥೆ. ಅಪ್ಪ 71ರ ಯುದ್ಧ ಮಾಡಿದ ಸುಬೇದಾರ್, ಕೈಲ್‌ಪೊಳ್ದ್ ಅನ್ನೋ ಆಯುಧ ಹಬ್ಬಕ್ಕೆ ಕೋವಿ ತೊಳೆದು ಹೂವಿಟ್ಟು ಪೂಜೆ ಮಾಡೋ ಮನೆ ನಮ್ದು. ಇವರು ನೋಡಿದ್ರೆ ಐನೂರು ವರ್ಷದಿಂದ ಯುದ್ಧಕ್ಕೆ ಹೋಗಲ್ಲ ಅಂದ ಜನ. ಇವರ ತಂದೆ ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಲ್ಲ ಅಂತ ಬರೆದು ಕೊಟ್ಟು, ಅದಕ್ಕೆ ಬದಲಾಗಿ ಲೇಕ್ ಸುಪೀರಿಯರ್ ದಡದ ಮಾಂಟ್ರಿಯಲ್ ರಿವರ್ ಕ್ಯಾಂಪಲ್ಲಿ ಚಳೀಲಿ ಟ್ರಾನ್ಸ್ ಕೆನಡಾ ಹೈವೇಗೆ ಮರ ಕಡಿದು ಬಂಡೆ ಒಡೆದೋರು. ಹಂಗೆ ನಿಂತ ಮೆನೊನೈಟರು ಈ ದೇಶದಲ್ಲಿ ಸಾವಿರಾರು. ಬೀದೀಲಿ ಜನ ಹೇಡಿ ಅಂತ ಬೈದಿದ್ರಂತೆ. ಮನೆ ಕೆಲ್ಸ ನಡೀತಿದ್ದಾಗ ಅಪ್ಪ ದಿನಾ ಸೈಟಿಗೆ ಹೋಗೋರು, ಬೀಟೆ, ಹಲಸಿನ ಕಂಬ ನೋಡಿ ಬೆಳೆದೋರಿಗೆ ಒಂದೂವರೆ ಇಂಚು ದಪ್ಪದ ಸ್ಪ್ರೂಸ್ ಮರ 16 ಇಂಚಿಗೊಂದು ನಿಲ್ಸಿ ಮನೆ ಅನ್ನೋದನ್ನ ನಂಬಕ್ಕೇ ಆಗಲ್ಲ. ಚಳಿಗೆ ನೆಲ ಹೆಪ್ಪುಗಟ್ಟಿ ಉಬ್ಬತ್ತೆ, ಅದಕ್ಕೇ ಪಾಯ ನಾಲ್ಕಡಿ ಕೆಳಗೆ ಹೋಗ್ಲೇಬೇಕು ಅಂತ ಅವರು ತೋರಿಸೋರು, ಅಪ್ಪ ತಮ್ಮ ಬಟ್ಲರ್ ಇಂಗ್ಲಿಷಲ್ಲಿ ಪ್ರಶ್ನೆ ಮೇಲೆ ಪ್ರಶ್ನೆ ಕೇಳೋರು. ಅಪ್ಪ ಅವರನ್ನ ಕರೀತಿದ್ದಿದ್ದು ಮೇಸ್ತ್ರಿ ಅಂತ, ಅವರಿಗೂ ಅದು ಹಿಡಿಸಿತ್ತು.

ಯುದ್ಧದ ಮಾತು ಬಂದಾಗ ಇಬ್ರೂ ಒಪ್ಪಲೇ ಇಲ್ಲ, ಕೊನೆವರೆಗೂ. ನಾನೂ ಆ ವಿಷ್ಯದಲ್ಲಿ ಅಪ್ಪನ ಕಡೆನೇ, ಗಡೀಲಿ ಯಾರೋ ನಿಂತಿದ್ರಿಂದ್ಲೇ ನಾವು ಮಲಗಿದ್ವಿ ಅನ್ನೋದನ್ನ ಬಿಡಕ್ಕೆ ನನ್ ಕೈಲಿ ಆಗಲ್ಲ. ಆದ್ರೆ ಒಂದ್ಸಲ ಅಪ್ಪ ಜನರಲ್ ತಿಮ್ಮಯ್ಯನವ್ರ ವಿಷ್ಯ ಹೇಳಿದ್ರು, ಕೊರಿಯಾದಲ್ಲಿ ಯುದ್ಧ ಕೈದಿಗಳನ್ನ ಅವರವರ ಇಷ್ಟ ಕೇಳಿ ಕಳಿಸೋ ಜವಾಬ್ದಾರಿ ಹೊತ್ತಿದ್ದು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಶಾಂತಿ ಪಡೆ ನಡೆಸ್ತಿರೋವಾಗ್ಲೇ ತೀರಿಕೊಂಡಿದ್ದು. ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು ಪೂರ್ತಿ ಕೇಳಿದ್ರು. ತಿರುಗಿ ಅವರು ಪಕ್ಕದ ಎಲ್ಮೈರಾದ 1974ರ ಕಥೆ ಹೇಳಿದ್ರು. ಇಬ್ರು ಹುಡುಗ್ರು ಕುಡಿದು ಒಂದೇ ರಾತ್ರೀಲಿ 22 ಕಡೆ ಟೈರು ಕುಯ್ದು, ಕಿಟಕಿ ಒಡೆದು ಹಾಳು ಮಾಡಿದ್ರು, ಮಾರ್ಕ್ ಯಾಂಟ್ಸಿ ಅನ್ನೋ ಮೆನೊನೈಟ್ ಪ್ರೊಬೇಷನ್ ಆಫೀಸರ್ ಜೈಲಿಗೆ ಹಾಕೋ ಬದ್ಲು ಮನೆ ಮನೆಗೆ ಕರ್ಕೊಂಡು ಹೋಗಿ ಎದುರಿಗೆ ನಿಲ್ಸೋಣ ಅಂದ್ರು, ಜಡ್ಜ್ ಒಪ್ಪಿದ್ರು, ಹುಡುಗ್ರು ಒಂದೊಂದೇ ಬಾಗ್ಲು ತಟ್ಟಿ, ಆಮೇಲೆ ನಷ್ಟದ ದುಡ್ಡೂ ತಂದು ಕೊಟ್ರು. ಇವತ್ತು ಎಷ್ಟೋ ದೇಶದ ಕೋರ್ಟಲ್ಲಿ ಆ ಪದ್ಧತಿ ಇದೆ. ಅಪ್ಪ ಬಹಳ ಹೊತ್ತು ಸುಮ್ನಿದ್ದು, ಇದು ಸರಿ, ಇದಕ್ಕೆ ಧೈರ್ಯ ಬೇಕು ಅಂದ್ರು.

ಚಳಿಗಾಲದಲ್ಲಿ ಕೆಲ್ಸ ಕಮ್ಮಿ ಆದಾಗ ಅವರು ಮತ್ತು ಅವರ ಹೆಂಡ್ತಿ ಮೆನೊನೈಟ್ ಡಿಸಾಸ್ಟರ್ ಸರ್ವಿಸ್ ಜೊತೆ ಹೋಗ್ಬಿಡೋರು. 1950ರಲ್ಲಿ ಕನ್ಸಾಸ್‌ನ ಹೆಸ್ಟನ್‌ನಲ್ಲಿ ಶುರುವಾಗಿದ್ದು ಅದು, ಚಂಡಮಾರುತ, ಪ್ರವಾಹದಲ್ಲಿ ಮನೆ ಕಳ್ಕೊಂಡೋರಿಗೆ ಹೋಗಿ ಕಟ್ಟಿಕೊಡೋದು, ಜಾತಿ ಮತ ಕೇಳಲ್ಲ, ಕೂಲಿ ತಗೊಳಲ್ಲ. ನಾನು ಕಂಡಂಗೆ ಅವರು ಅಲ್ಲಿ ಬಡವ್ರಿಗೆ ಕಟ್ಟೋ ಮನೆಗೂ ಇಲ್ಲಿ ನಮ್ಮಂಥೋರಿಗೆ ಕಟ್ಟೋ ಮನೆಗೂ ಒಂದೇ ಮಟ್ಟಗೋಲು ಹಿಡೀತಿದ್ರು. 1979ರಲ್ಲಿ ವಿಯೆಟ್ನಾಂ ಕಡೆಯಿಂದ ದೋಣೀಲಿ ಬಂದ ನಿರಾಶ್ರಿತರನ್ನ ಕರೆಸ್ಕೊಳ್ಳಕ್ಕೆ ಸರ್ಕಾರದ ಜೊತೆ ಮೊದ್ಲು ಒಪ್ಪಂದ ಮಾಡ್ಕೊಂಡಿದ್ದು ಮೆನೊನೈಟ್ ಸೆಂಟ್ರಲ್ ಕಮಿಟಿನೇ, ಆಗ ಇವರ ಚರ್ಚಿಗೂ ಒಂದು ಸಂಸಾರ ಬಂತು, ಮೊದಲ ಚಳಿಗಾಲ ಪೂರ್ತಿ ಇದ್ದಿದ್ದು ಇವರ ಬೇಸ್‌ಮೆಂಟಲ್ಲಿ. ಆ ಮನೆಯ ಮಗಳು ಈಗ ನರ್ಸು, ಕೊನೇ ದಿನಗಳಲ್ಲಿ ಬಂದು ಕೂತಿರ್ತಿದ್ರು.

ಅಂತ್ಯಕ್ರಿಯೆ ಸರಳವಾಗಿತ್ತು. ಭಾಷಣ ಕಮ್ಮಿ, ಹಾಡು ಜಾಸ್ತಿ, ವಾದ್ಯ ಏನೂ ಇಲ್ದೆ ಮುನ್ನೂರು ಜನ ನಾಲ್ಕು ಸ್ವರದಲ್ಲಿ ಒಟ್ಟಿಗೆ ಹಾಡಿದ್ದು ಕೇಳಿ ಅವ್ವ ಪೂರ್ತಿ ಅತ್ಬಿಟ್ರು. ಆಮೇಲೆ ಚರ್ಚಿನ ಕೆಳಗೆ ಊಟ. ಹೂವು ತರಬೇಡಿ, ಡಿಸಾಸ್ಟರ್ ಸರ್ವಿಸ್‌ಗೆ ಕೊಡಿ ಅಂದಿದ್ರು, ನಾವು ಕೊಟ್ವಿ, ಇಷ್ಟ ಇರೋರು ಕೊಡಬಹುದು.

ಇನ್ಮೇಲೆ ಯಾರು ಕಟ್ತಾರೆ ಅಂತ ಇಬ್ರು ಮೂರು ಜನ ಮೆಸೇಜ್ ಮಾಡಿದೀರ. ಹಿರಿ ಮಗಳೇ ಈಗ ನಾಲ್ಕೈದು ವರ್ಷದಿಂದ ಸೈಟು ನೋಡ್ಕೊಳ್ತಿರೋದು, ಅವರೂ ಫ್ರೇಮಿಂಗ್, ಅಂದ್ರೆ ಮರದ ಚೌಕಟ್ಟು ನಿಲ್ಸೋ ಕೆಲ್ಸದಿಂದ್ಲೇ ಮೇಲೆ ಬಂದೋರು. ತಮ್ಮ ತಂದೆ ಶುರು ಮಾಡಿದ್ದ ಮನೆಗೆ ಈ ವಾರ ಛಾವಣಿ ಹಾಕಿಸ್ತಿದಾರೆ. ವರ್ಷಕ್ಕೆ ನಾಲ್ಕೇ, ಕಾಯ್ಬೇಕಾಗತ್ತೆ. ಮಾತಾಡಕ್ಕೆ ಹೋಗೋರು ನಿಮ್ಮನೇಲಿ ಯಾರ್ಯಾರು ಇರ್ತಾರೆ ಅಂತ ಸರಿಯಾಗಿ ಯೋಚ್ನೆ ಮಾಡ್ಕೊಂಡು ಹೋಗಿ, ಅವರೂ ಮೊದ್ಲು ಅದನ್ನೇ ಕೇಳ್ತಾರೆ.