‘ಬೋರ್ಡ್ ಹೋಗಿದೆ’ ಅನ್ನುವ ಮೊದಲು ಒಮ್ಮೆ ರ‍್ಯಾಮ್ ತೆಗೆದು ನೋಡಿ

ಇವತ್ತು ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ಕಣ್ಣೆದುರೇ ನಡೆದದ್ದು, ಸಿಟ್ಟು ಇನ್ನೂ ಇಳಿದಿಲ್ಲ. ಮಂಗಳೂರಿಗೆ ಕಾಲೇಜಿಗೆ ಹೋಗಿ ಬರುವ ಹುಡುಗಿಯೊಬ್ಬಳ ಹಳೆಯ ಲ್ಯಾಪ್‌ಟಾಪ್. ಬಟನ್ ಒತ್ತಿದರೆ ಲೈಟ್ ಬರುತ್ತದೆ, ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ರಿಪೇರಿಯವರು ಎರಡು ಸಲ ಆನ್ ಮಾಡಿದರು, “ಬೋರ್ಡ್ ಹೋಗಿದೆ, ಹೊಸತು ತೆಗೆಯುವುದೇ ಒಳ್ಳೆಯದು” ಎಂದು ವಾಪಸು ಕೊಟ್ಟರು. ಒಂದೇ ಒಂದು ಸ್ಕ್ರೂ ಬಿಚ್ಚಲಿಲ್ಲ ಮಾರಾಯ್ರೆ!

ಫ್ಯಾನ್ ತಿರುಗುತ್ತದೆ ಅಂದರೆ ಬೋರ್ಡಿನಲ್ಲಿ (ಎಲ್ಲ ಭಾಗಗಳನ್ನೂ ಜೋಡಿಸುವ ಮದರ್‌ಬೋರ್ಡಿನಲ್ಲಿ) ಕರೆಂಟು ಹರಿಯುತ್ತಾ ಉಂಟು. ಅಲ್ಲಿಗೇ ಅದು ಸತ್ತಿದೆ ಅನ್ನುವ ಮಾತು ಅರ್ಧ ಬಿದ್ದುಹೋಯಿತು. ಇಂಥ ಲಕ್ಷಣಕ್ಕೆ ಮೊದಲು ಸಂಶಯಪಡಬೇಕಾದ್ದು ತಾತ್ಕಾಲಿಕ ಮೆಮೊರಿಯಾದ ರ‍್ಯಾಮನ್ನು. ಅದೂ ನಮ್ಮೂರಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ಊರಿದು, ಮೇಲಿಂದ ಕಡಲಿನ ಉಪ್ಪುಗಾಳಿ. ರ‍್ಯಾಮಿನ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೊಳೆ ಕೂತರೂ ಸಾಕು, ಸ್ಲಾಟಿಗೂ ಅದಕ್ಕೂ ಸಂಪರ್ಕ ತಪ್ಪುತ್ತದೆ, ಸ್ಕ್ರೀನ್ ಬರುವುದಿಲ್ಲ.

ಮಾಡಬೇಕಾದ್ದು ಇಷ್ಟು. ಚಾರ್ಜರ್ ತೆಗೆಯಿರಿ, ಬ್ಯಾಟರಿ ತೆಗೆಯಿರಿ. ಬ್ಯಾಟರಿ ಒಳಗೇ ಇರುವ ಮಾಡೆಲ್ ಆದರೆ ಹಿಂದಿನ ಮುಚ್ಚಳ ಬಿಚ್ಚಿ ಮೊದಲು ಅದರ ಕನೆಕ್ಟರ್ ಕಳಚಬೇಕು, ಆಮೇಲೆಯೇ ಬೇರೆ ಕಡೆ ಕೈ. ಪವರ್ ಬಟನನ್ನು 30 ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ಚಾರ್ಜ್ ಖಾಲಿಯಾಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳು ಇಷ್ಟಕ್ಕೇ ಎದ್ದು ಕೂರುತ್ತವೆ. ಏಳದಿದ್ದರೆ ರ‍್ಯಾಮ್ ತೆಗೆದು ಪಟ್ಟಿಗಳನ್ನು ಮೆತ್ತಗಿನ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ರಬ್ಬರಿನ ಪುಡಿ ಸ್ಲಾಟಿಗೆ ಬೀಳಬಾರದು. ರ‍್ಯಾಮನ್ನು ವಾಪಸು ಹಾಕುವಾಗ ಓರೆಯಾಗಿ ಪೂರ್ತಿ ಒಳಗೆ ತಳ್ಳಿ ಕೆಳಗೆ ಒತ್ತಿದಾಗ ಎರಡೂ ಬದಿಯ ಕ್ಲಿಪ್ ಟಕ್ ಅನ್ನಬೇಕು. ಎರಡು ರ‍್ಯಾಮ್ ಇದ್ದರೆ ಒಂದನ್ನೇ ಹಾಕಿ, ಒಂದೊಂದು ಸ್ಲಾಟಿನಲ್ಲೂ ನೋಡಿ, ಆಮೇಲೆ ಇನ್ನೊಂದನ್ನು. ರ‍್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಸ್ಕ್ರೀನ್ ಬರಲು ಒಂದು ನಿಮಿಷ ಹಿಡಿಯುವುದೂ ಉಂಟು. ಹತ್ತು ಸೆಕೆಂಡಿಗೆ ಕೈಚೆಲ್ಲಿ ಆಫ್ ಮಾಡಬೇಡಿ.

ಇನ್ನೊಂದು ತಪ್ಪು ಆಗುವುದು ಸೆಕೆಂಡ್‌ಹ್ಯಾಂಡ್ ರ‍್ಯಾಮ್ ಹಾಕಿಸಿದಾಗ. ರ‍್ಯಾಮಿನಲ್ಲಿ ಬಗೆಗಳುಂಟು: ಡಿಡಿಆರ್3 ಕೆಲಸ ಮಾಡುವುದು 1.5 ವೋಲ್ಟಿನಲ್ಲಿ, ಡಿಡಿಆರ್3ಎಲ್ 1.35 ವೋಲ್ಟಿನಲ್ಲಿ. ಇಂಟೆಲ್ 4ನೇ ತಲೆಮಾರಿನ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳಿಗೆ ಬೇಕಾದ್ದು ಎರಡನೆಯದು. ಲೇಬಲ್ಲಿನಲ್ಲಿ ಪಿಸಿ3ಎಲ್ (ಅಂದರೆ ಡಿಡಿಆರ್3ಎಲ್) ಎಂದಿದೆಯೋ ಬರೀ ಪಿಸಿ3 ಎಂದೋ ನೋಡದೆ ತುರುಕಿದರೆ ಅದೇ ಕಪ್ಪು ಸ್ಕ್ರೀನ್, ಮತ್ತೆ ಅದೇ “ಬೋರ್ಡ್ ಹೋಗಿದೆ”.

ರ‍್ಯಾಮ್ ಸರಿಯಿದ್ದೂ ಸ್ಕ್ರೀನ್ ಬಾರದಿದ್ದರೆ ವಿಜಿಎ ಅಥವಾ ಎಚ್‌ಡಿಎಂಐ ಕೇಬಲಿನಿಂದ ಹೊರಗಿನ ಮಾನಿಟರಿಗೋ ಮನೆಯ ಟಿವಿಗೋ ಹಾಕಿ. ಅಲ್ಲಿ ಚಿತ್ರ ಬಂದರೆ ಬೋರ್ಡಿನದ್ದು ಮುಖ್ಯ ತೊಂದರೆಯಲ್ಲ, ಹುಡುಕಬೇಕಾದ್ದು ಸ್ಕ್ರೀನಿನ ಕಡೆ. ಕತ್ತಲ ಕೋಣೆಯಲ್ಲಿ ಸ್ಕ್ರೀನಿಗೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಐಕಾನುಗಳು ಮಸುಕಾಗಿ ಕಂಡರೆ ಬ್ಯಾಕ್‌ಲೈಟ್, ಅಂದರೆ ಸ್ಕ್ರೀನಿನ ಹಿಂದಿನ ಬೆಳಕು, ಇಲ್ಲ ಎಂದರ್ಥ. ಮುಚ್ಚಳ ಹಿಂದೆ ಮುಂದೆ ಮಾಡುವಾಗ ಚಿತ್ರ ಬಂದು ಹೋದರೆ ಹಿಂಜಿನ ಹತ್ತಿರ ಕೇಬಲ್ ಸವೆದಿರುತ್ತದೆ. ಕೇಬಲ್ ತರಿಸುವಾಗ ಸ್ಕ್ರೀನಿನ ಹಿಂದಿನ ಪಾರ್ಟ್ ನಂಬರ್ ನೋಡಿ. ಹಳೆಯವು ಸಾಮಾನ್ಯವಾಗಿ 40 ಪಿನ್ನಿನವು, ನಂತರದವು ಹೆಚ್ಚಾಗಿ 30. ಒಂದರದ್ದು ಇನ್ನೊಂದಕ್ಕೆ ಆಗದು.

ಲೈಟೇ ಬಾರದಿದ್ದರೆ? ಆಗಲೂ ಮೊದಲು ಅಡಾಪ್ಟರ್. ಮಲ್ಟಿಮೀಟರ್ ಹಿಡಿದರೆ ಹೆಚ್ಚಿನವು 19 ರಿಂದ 20 ವೋಲ್ಟ್ ತೋರಿಸಬೇಕು. ಲೋಡ್ ಇಲ್ಲದಾಗ ಸರಿ ತೋರಿಸಿ, ಲ್ಯಾಪ್‌ಟಾಪಿಗೆ ಚುಚ್ಚಿದ ತಕ್ಷಣ ಕುಸಿಯುವ ಅಡಾಪ್ಟರುಗಳೂ ಇವೆ, ಹಾಗಾಗಿ ಅದೇ ವಾಟಿನ ಇನ್ನೊಂದು ಹಾಕಿ ನೋಡದೆ ತೀರ್ಮಾನ ಬೇಡ. ಡೆಲ್ ಅಡಾಪ್ಟರಿನ ತುದಿಯ ನಡುವೆ ಸಪೂರದ ಒಂದು ಪಿನ್ ಇರುತ್ತದೆ. ಅಡಾಪ್ಟರ್ ಎಷ್ಟು ವಾಟಿನದ್ದು ಎಂದು ಲ್ಯಾಪ್‌ಟಾಪಿಗೆ ತಿಳಿಸುವುದು ಅದು. ಅದು ಬಗ್ಗಿದರೆ, ಇಲ್ಲವೇ ಅದರ ವೈರು ಒಳಗೆ ತುಂಡಾದರೆ, 19.5 ವೋಲ್ಟ್ ಸರಿಯಾಗಿ ಬರುತ್ತಿದ್ದರೂ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಪ್ರೊಸೆಸರ್ ಕುಂಟುತ್ತದೆ. ಒಂದು ಪಿನ್ನಿಗಾಗಿ ಬೋರ್ಡ್ ಬದಲಿಸಲು ಹೊರಟವರನ್ನು ಏನೆನ್ನಬೇಕು?

ಇಪ್ಪತ್ತು ನಿಮಿಷ ಓಡಿ ತಾನಾಗಿ ಆಫ್ ಆಗುವುದು ಬಿಸಿಯ ಲಕ್ಷಣ. ಫ್ಯಾನಿಗೂ ತಾಮ್ರದ ಕೊಳವೆಯ ತುದಿಯ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯ ಹಾಗೆ ಕಟ್ಟಿರುತ್ತದೆ, ಹೊರಗಿನಿಂದ ಊದಿದರೆ ಹೋಗುವುದಿಲ್ಲ. ಫ್ಯಾನ್ ಬಿಚ್ಚಿಯೇ ತೆಗೆಯಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಲೆಗಳು ಗಿರ್ರನೆ ತಿರುಗದಂತೆ ಬೆರಳಿನಿಂದ ತಡೆಯಿರಿ, ಇಲ್ಲದಿದ್ದರೆ ಬೇರಿಂಗ್ ಹಾಳಾಗುತ್ತದೆ. ಬಿಸಿಯನ್ನು ಪ್ರೊಸೆಸರಿನಿಂದ ಕೊಳವೆಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಒರೆಸಿ ಪ್ರೊಸೆಸರ್ ಮೇಲೆ ಅಕ್ಕಿಕಾಳಿನಷ್ಟು ಹೊಸತು ಸಾಕು. ಥರ್ಮಲ್ ಪ್ಯಾಡ್ (ಬಿಸಿ ದಾಟಿಸುವ ಮೆತ್ತಗಿನ ಹಾಳೆ) ಇದ್ದಲ್ಲಿ ಮಾತ್ರ ಪೇಸ್ಟ್ ಹಾಕಬೇಡಿ, ಆ ಸಂದು ಪೇಸ್ಟಿನಿಂದ ತುಂಬುವುದಿಲ್ಲ.

ದಿನವೂ ತಾರೀಕು ತಪ್ಪಿ, ಬ್ರೌಸರ್ ಯಾವ ಸೈಟನ್ನೂ ನಂಬದಿದ್ದರೆ ಬೋರ್ಡಿನ ಗಡಿಯಾರವನ್ನು ಓಡಿಸುವ ಸಿಆರ್2032 ಬಿಲ್ಲೆ ಬ್ಯಾಟರಿ ನೋಡಿ. 3 ವೋಲ್ಟಿನದ್ದು. ಅಷ್ಟೇ.

“ಬೋರ್ಡ್ ನಿಜವಾಗಿಯೂ ಹೋಗುವುದಿಲ್ಲವಾ” ಎಂದು ಕೇಳುವವರಿದ್ದಾರೆ. ಹೋಗುತ್ತದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಚಾರ್ಜರ್ ಮೂಲಕ ಹೊಡೆತ ಬಿದ್ದ ಲ್ಯಾಪ್‌ಟಾಪ್ ನಮ್ಮಲ್ಲಿ ಬೇಕಾದಷ್ಟು. ಆದರೆ ಅದನ್ನೂ ಅಳೆದು ಹೇಳಬೇಕು. ಕರೆಂಟ್ ಪೂರ್ತಿ ತೆಗೆದು 19 ವೋಲ್ಟಿನ ಲೈನಿಗೂ ಗ್ರೌಂಡಿಗೂ ನಡುವೆ ರೆಸಿಸ್ಟೆನ್ಸ್ ನೋಡಿದರೆ, ಸೊನ್ನೆಯ ಹತ್ತಿರ ಬಂದಲ್ಲಿ ಎಲ್ಲೋ ಶಾರ್ಟ್ ಆಗಿದೆ. ಬೋರ್ಡಿನ ಮೇಲಿನ ಸಣ್ಣ ಬಿಡಿಭಾಗ, ಒಂದು ಕೆಪಾಸಿಟರೋ ಮಾಸ್‌ಫೆಟ್ಟೋ, ಬದಲಿಸಿದರೆ ಬೋರ್ಡ್ ಬದುಕಲೂಬಹುದು. ಹೀಟ್‌ಗನ್ ಹಿಡಿದು ಗ್ರಾಫಿಕ್ಸ್ ಚಿಪ್ ಬಿಸಿ ಮಾಡಿ “ಸರಿಯಾಯ್ತು” ಎಂದು ದುಡ್ಡು ತೆಗೆದುಕೊಳ್ಳುವುದು ಬೇರೆ, ಅದು ಬಹಳ ದಿನ ಬಾಳುವ ರಿಪೇರಿಯಲ್ಲ. ಕುಶಲಕರ್ಮಿಯ ಸಮಯಕ್ಕೆ ಬೆಲೆ ಉಂಟು, ಪರೀಕ್ಷೆಗೆ ದುಡ್ಡು ಕೇಳಲಿ, ಅದು ನ್ಯಾಯ. ಪರೀಕ್ಷೆ ಮಾಡದೆ ತೀರ್ಪು ಕೊಡುವುದನ್ನು ನಾನು ಒಪ್ಪುವುದಿಲ್ಲ. ಹೊಸ ಲ್ಯಾಪ್‌ಟಾಪ್ ಅಂದರೆ ಬದಿಯಡ್ಕದ, ಪೆರ್ಲದ ಎಷ್ಟೋ ಮನೆಗಳಲ್ಲಿ ಒಂದು ವರ್ಷದ ಅಡಿಕೆಯ ಲೆಕ್ಕಾಚಾರ ತಲೆಕೆಳಗಾಗುವ ವಿಷಯ.

ಆ ಹುಡುಗಿ ಹೊರಡುವಾಗ ಕೇಳಿದ್ದು ಒಂದೇ, “ಒಳಗಿನ ಪ್ರಾಜೆಕ್ಟ್ ಫೈಲ್ ಕೂಡ ಹೋಯಿತಾ?” ಅದಕ್ಕೂ ಉತ್ತರ ಸಿಗಲಿಲ್ಲ. ಹೋಗಿಲ್ಲ ಮಗಾ. ಬೋರ್ಡ್ ಸತ್ತರೂ ಡಿಸ್ಕ್ ಬೇರೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಹೆಚ್ಚಾಗಿ ಇರುವುದು 2.5 ಇಂಚಿನ ಸಾಟಾ ಡಿಸ್ಕ್. ಅದನ್ನು ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಚುಚ್ಚು. ಡಿಸ್ಕ್ ಕಟಕಟ ಸದ್ದು ಮಾಡಿದರೆ ಕೂಡಲೇ ತೆಗೆ, ಮತ್ತೆ ಮತ್ತೆ ಓಡಿಸಬೇಡ. ಸದ್ದಿಲ್ಲದೆ ತೆರೆದರೆ ಮೊದಲು ಪ್ರಾಜೆಕ್ಟ್ ಫೋಲ್ಡರ್ ಕಾಪಿ ಮಾಡಿಕೋ, ರ‍್ಯಾಮ್ ಉಜ್ಜುವುದು ಆಮೇಲೆ.