ಬೀದರ್ ಕೋಟೆಗೆ ಹೋದರೆ ಮೊದಲು ಕಂದಕ ನೋಡಿ

ಬೀದರ್ ಕೋಟೆಗೆ ಹೋಗಿಬಂದವರು ಹಾಕುವ ಫೋಟೋಗಳಲ್ಲಿ ಬುರುಜು ಇರುತ್ತೆ, ದರ್ವಾಜಾ ಇರುತ್ತೆ, ಮುರಿದುಬಿದ್ದ ಮಹಲುಗಳಿರುತ್ತವೆ. ಕಂದಕ ಕಾಣುವುದು ಅಪರೂಪ. ನನ್ನನ್ನು ಕೇಳಿದರೆ ಆ ಕೋಟೆಯ ದೊಡ್ಡ ಸಾಹಸ ಇರುವುದೇ ಅಲ್ಲಿ.

ಕೆಲವು ಕಡೆ ಅದು ಒಂದಲ್ಲ, ಒಂದರ ಪಕ್ಕ ಒಂದರಂತೆ ಮೂರು ಕಂದಕ. ನಡುವೆ ನಿಂತಿರುವ ಗೋಡೆಗಳನ್ನು ಯಾರೂ ಕಟ್ಟಿಲ್ಲ. ಬಂಡೆಯನ್ನು ಆ ಕಡೆ ಈ ಕಡೆ ಕಡಿದು ತೆಗೆದು, ನಡುವಿನದನ್ನು ಹಾಗೇ ಬಿಟ್ಟಿದ್ದಾರೆ. ಅಹ್ಮದ್ ಶಾಹ್ ಬಹಮನಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ; 1432ರ ಹೊತ್ತಿಗೆ ಕೋಟೆ ಎದ್ದು ನಿಂತಿತ್ತು. ಸುಲ್ತಾನನ ಹೆಸರು ಉಳಿಯಿತು. ಬಿಸಿಲಲ್ಲಿ ನಿಂತು ಆ ಬಂಡೆ ಕಡಿದವರದ್ದು ಒಂದು ಹೆಸರೂ ನಮಗೆ ಗೊತ್ತಿಲ್ಲ. ಇದು ನನ್ನನ್ನು ಈಗಲೂ ಕಾಡುತ್ತದೆ.

ಅವರಿಗೆ ಒದಗಿಬಂದಿದ್ದು ಜಂಬಿಟ್ಟಿಗೆ ಕಲ್ಲು, ಮಂಗಳೂರಿನವರ ಮುರಕಲ್ಲು. ಮೈತುಂಬ ತೂತು, ತುಕ್ಕಿನ ಬಣ್ಣ. ನೆಲದಲ್ಲಿರುವಾಗ ಮೆತ್ತಗೆ, ಕಡಿದು ಗಾಳಿಗೆ ಬಿಟ್ಟರೆ ಗಟ್ಟಿ. ಮಳೆನೀರು ಇದರೊಳಗೆ ಇಳಿದು, ಕೆಳಗಿನ ಕಪ್ಪು ಬಂಡೆಯ ಮೇಲೆ ನಿಲ್ಲುತ್ತದೆ. ಊರಾಚೆ ನೌಬಾದಿನ ಸುರಂಗ ಬಾವಿಗಳು ನಿಂತಿರುವುದು ಇದೇ ಲೆಕ್ಕದ ಮೇಲೆ: ನೆಲದಡಿ ಎರಡು ಕಿಲೋಮೀಟರಿಗೂ ಉದ್ದದ ಕಾಲುವೆ, ಅಲ್ಲಲ್ಲಿ ಮೇಲಿಂದ ಇಳಿದ ಬಾವಿ. ಪರ್ಷಿಯಾದ ಕರೇಜ್ ವಿದ್ಯೆ ಬೀದರಿನ ಕಲ್ಲಿಗೆ ಸರಿಯಾಗಿ ಹೊಂದಿಕೊಂಡಿತು.

ಮಹಲುಗಳಲ್ಲಿ ಬಿಡಬಾರದ್ದು ರಂಗೀನ್ ಮಹಲ್. ಬಹಮನಿಗಳ ನಂತರ ಬಂದ ಬರೀದ್ ಶಾಹಿಗಳಲ್ಲಿ ಅಲಿ ಬರೀದ್ 16ನೇ ಶತಮಾನದಲ್ಲಿ ಇದಕ್ಕೆ ಈಗಿನ ರೂಪ ಕೊಟ್ಟ. ನಾನು ಹೋದಾಗ ಬೀಗ ಹಾಕಿತ್ತು, ಕೇಳಿಕೊಂಡ ಮೇಲೆ ತೆಗೆದರು. ಕೆತ್ತನೆಯ ಮರದ ಕಂಬ ದಾಟಿ ಒಳಕೋಣೆಯ ಬಾಗಿಲಿಗೆ ಬಂದರೆ, ಕರಿಕಲ್ಲಿನಲ್ಲಿ ಬಳ್ಳಿಯ ಆಕಾರಕ್ಕೆ ಗೀರು ತೆಗೆದು ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿದ್ದಾರೆ. ಕಲ್ಲಿಗೂ ಚಿಪ್ಪಿಗೂ ನಡುವೆ ಉಗುರು ತೂರಿಸಲೂ ಜಾಗವಿಲ್ಲ. ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಬಿಳಿ ಹೋಗಿ ತಿಳಿ ಹಸಿರು, ಇನ್ನೊಂದು ಹೆಜ್ಜೆಗೆ ಗುಲಾಬಿ. ಇಂಥದ್ದು ದೂರದಿಂದ ಬಂದವರಿಗೆ ಕಾಣದೇ ಹೋಗಬಾರದು. ದಿನಕ್ಕೆ ಇಂತಿಷ್ಟು ಹೊತ್ತು ಅಂತ ಗೊತ್ತುಮಾಡಿ, ವಿವರಿಸಬಲ್ಲ ಒಬ್ಬರನ್ನು ಜೊತೆಗೆ ಕೊಟ್ಟು ತೋರಿಸಲಿ. ಬೀಗದಿಂದ ಚಿಪ್ಪು ಉಳಿಯಬಹುದು, ಜನರಿಗೆ ಅದರ ಮೇಲೆ ಪ್ರೀತಿ ಹುಟ್ಟುವುದಿಲ್ಲ.

ತಖ್ತ್ ಮಹಲಿನಲ್ಲಿ ಸಿಂಹಾಸನ ಇಲ್ಲ, ಬಣ್ಣದ ಹೆಂಚು ಬಹುಪಾಲು ಉದುರಿವೆ. ಸೋಲಾ ಖಂಬ ಮಸೀದಿಯ ದಪ್ಪ ದುಂಡು ಕಂಬಗಳು ಮಾತ್ರ ಭರ್ಜರಿಯಾಗಿವೆ.

ಇನ್ನು ಬಿದರಿ ಕೆಲಸ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಗೆ ಬೆಳ್ಳಿ ಕೂರಿಸಿದ ಮೇಲೆ, ಕೋಟೆಯ ಮಣ್ಣನ್ನು ನವಸಾಗರದ ಜೊತೆ ನೀರಿಗೆ ಹಾಕಿ ಕಾಯಿಸಿ ಅದರಲ್ಲಿ ಅದ್ದುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಆಗುತ್ತೆ ಅಂತ ಹಳೇ ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ಹೇಳುತ್ತಾರೆ. ಎಲ್ಲ ಮಣ್ಣಿಗೂ ಆ ಗುಣ ಇಲ್ಲ.

ಹಾಗಾಗಿ ಕೋಟೆ ಕಾಪಾಡುವುದು ಅಂದರೆ ಗೋಡೆಗೆ ಗಾರೆ ಮೆತ್ತುವುದಷ್ಟೇ ಅಲ್ಲ. ಕಂದಕಕ್ಕೆ ಕಸ ಬೀಳದಂತೆ ನೋಡಿಕೊಳ್ಳಬೇಕು, ಸುರಂಗ ಬಾವಿಯ ಬಾಯಿಗೆ ಮಣ್ಣು ಸುರಿದು ಸೈಟು ಮಾಡದಂತೆ ತಡೆಯಬೇಕು, ಬಿದರಿಯವರಿಗೆ ಬೇಕಾದ ಆ ಹಿಡಿ ಮಣ್ಣು ಸಿಗುವಂತೆ ಇರಬೇಕು. ಬೆಂಗಳೂರು, ಮೈಸೂರಿನ ಕಡೆಯವರಿಗೆ ಹೇಳುತ್ತೇನೆ: ಬೆಂಗಳೂರಿನಿಂದ ಬೀದರಿಗೆ ರೈಲಿದೆ, ಒಂದು ರಾತ್ರಿಯ ದಾರಿ. ಮಳೆಗಾಲ ಮುಗಿದ ಮೇಲೆ ಬನ್ನಿ, ಮಹಲುಗಳಿಗೆ ಓಡುವ ಮೊದಲು ಅರ್ಧ ಗಂಟೆ ಕಂದಕದ ಅಂಚಿನಲ್ಲಿ ನಡೆಯಿರಿ.