ಬಸವನಹುಳು ಭೂಮಿ ಬಿಟ್ಟು ಹೊರಟರೆ

ನನ್ನ ಫೋನಿನಲ್ಲಿ ಅಳತೆ ಬದಲಾಯಿಸುವ ಆ್ಯಪ್ ಒಂದಿದೆ. ಅದಕ್ಕೆ ನಾಚಿಕೆ ಅನ್ನೋದೇ ಇಲ್ಲ. ಏನು ಕೇಳಿದರೂ ಉತ್ತರ ಕೊಡುತ್ತದೆ. ಮೇಲಕ್ಕೆ ಎಸೆದ ವಸ್ತು ಮತ್ತೆ ಕೆಳಗೆ ಬೀಳದೆ ಭೂಮಿಯನ್ನೇ ಬಿಟ್ಟು ಹೋಗಬೇಕಾದರೆ ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಬೇಕು. ಇದೇ ವಿಮೋಚನಾ ವೇಗ. ಗಂಟೆಗೆ 40 ಸಾವಿರ ಕಿಲೋಮೀಟರಿಗೂ ಜಾಸ್ತಿ. ಇದನ್ನು ಎರಡು ವಾರಕ್ಕೆ ಎಷ್ಟು ಫರ್ಲಾಂಗ್ ಅಂತ ಹೇಳಪ್ಪಾ ಅಂದರೆ, ಯಾಕೆ, ಏನು ಅಂತ ಒಂದು ಮಾತೂ ಕೇಳುವುದಿಲ್ಲ. ಸುಮಾರು 6 ಕೋಟಿ 73 ಲಕ್ಷ ಅಂದುಬಿಡುತ್ತದೆ.

ಫರ್ಲಾಂಗ್ ಅಂದರೆ ಮೈಲಿಯ ಎಂಟನೇ ಒಂದು ಭಾಗ, 201 ಮೀಟರ್. ಅಷ್ಟು ದೂರಕ್ಕೆ ಎರಡು ವಾರ ಹಿಡಿದರೆ ನಿಮಿಷಕ್ಕೆ ಒಂದು ಸೆಂಟಿಮೀಟರ್ ಸರಿದ ಹಾಗೆ. ಎರಡು ವಾರಕ್ಕೆ ಒಂದು ಫರ್ಲಾಂಗ್ ಅನ್ನುವ ಈ ವೇಗ ಗಣಿತ, ವಿಜ್ಞಾನದವರು ತಮಾಷೆಗೆ ಇಟ್ಟುಕೊಂಡಿರುವ ಅಳತೆ. ಬಸವನಹುಳು ಸೆಕೆಂಡಿಗೆ ಒಂದು ಮಿಲಿಮೀಟರ್ ತೆವಳುತ್ತದೆ ಅಂದುಕೊಳ್ಳಿ. ಆಗ ಅದೇ ಇದರ ಆರು ಪಟ್ಟು ಫಾಸ್ಟು. ಹಿಂದಿನಿಂದ ಬಂದು ಓವರ್‌ಟೇಕ್ ಮಾಡಿ ಹೋಗುತ್ತದೆ.

ಈ ತಮಾಷೆ ಅಕ್ಕನ ಮಗಳ ಶಾಲೆಯ ವಿಮೋಚನಾ ವೇಗದ ಚಾರ್ಟಿಗೂ ನುಗ್ಗಿತು. ಆ ಹುಡುಗಿ ನನ್ನ ಫೋನ್ ಕಸಿದುಕೊಂಡು ಹೋಗಿ, ತೆರೆಯ ಮೇಲೆ ಕಂಡದ್ದನ್ನೆಲ್ಲ ದಪ್ಪ ಸ್ಕೆಚ್ ಪೆನ್ನಿನಲ್ಲಿ ಇಳಿಸಿದಳು. ಭೂಮಿ: 6 ಕೋಟಿ 73 ಲಕ್ಷ. ಚಂದ್ರ: 1 ಕೋಟಿ 43 ಲಕ್ಷ. ಮುಂದೆ ಕಿ.ಮೀ. ಇಲ್ಲ, ಮೀಟರ್ ಇಲ್ಲ, ಏನೂ ಇಲ್ಲ. ಟೀಚರು ಒಂದು ದೊಡ್ಡ ಕೆಂಪು ಪ್ರಶ್ನೆ ಚಿಹ್ನೆ ಹಾಕಿ ಕಳಿಸಿದರು. ಇವಳು ಬಗ್ಗಲಿಲ್ಲ. "ಲೆಕ್ಕ ಸರಿಯಾಗೇ ಇದೆ ಮಿಸ್, ಫರ್ಲಾಂಗಲ್ಲಿದೆ ಅಷ್ಟೇ" ಅಂತ ವಾದ ಹೂಡಿ ಅರ್ಧ ಅಂಕ ಕಿತ್ತುಕೊಂಡೇ ಬಂದಳು. ನನ್ನ ಮಟ್ಟಿಗೆ ಪೂರ್ತಿ ಅಂಕ ಕೊಡಬೇಕಿತ್ತು.

ಅಲ್ಲಿಂದ ಮನೆಯಲ್ಲಿ ಇದೇ ಹುಚ್ಚು. ಉಗುರಿನ ಲೆಕ್ಕ ಬಂತು. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು ಮೂರೂವರೆ ಮಿಲಿಮೀಟರ್ ಬೆಳೆಯುತ್ತದೆ. ಸೆಕೆಂಡಿಗೆ 11.2 ಕಿಲೋಮೀಟರ್ ಅನ್ನುವ ಆ ವಿಮೋಚನಾ ವೇಗ ಇದರ ಎಂಟು ಲಕ್ಷ ಕೋಟಿ ಪಟ್ಟಿಗಿಂತ ಜಾಸ್ತಿ. ಈ ಸಂಖ್ಯೆ ಯಾರ ತಲೆಗೂ ಹೋಗುವುದಿಲ್ಲ, ಬಿಡಿ. ಆದರೆ ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರಿನಂತೆ ನಮ್ಮಿಂದ ದೂರ ಸರಿಯುತ್ತಿದ್ದಾನೆ. ಅಪೊಲೊ ಯಾತ್ರಿಗಳು ಅಲ್ಲಿ ಇಟ್ಟುಬಂದ ಕನ್ನಡಿಗಳಿಗೆ ಲೇಸರ್ ಬಿಟ್ಟು ಅಳೆದ ಲೆಕ್ಕ ಇದು. ಹೆಚ್ಚುಕಮ್ಮಿ ಉಗುರಿನದೇ ವೇಗ. ನೇಲ್ ಕಟರ್ ಹಿಡಿದಾಗಲೆಲ್ಲ ನನಗೀಗ ಚಂದ್ರನ ನೆನಪು.

ದೊಡ್ಡ ಗ್ರಹಗಳಲ್ಲಿ ಈ ಆಟ ಸುಮ್ನೆ ಸೊನ್ನೆ ಎಣಿಸುವ ಕೆಲಸ. ಮಜಾ ಇರುವುದು ಪುಟ್ಟ ಲೋಕಗಳಲ್ಲಿ. ನನ್ನ ಕೈಯಿಂದ ಫೋನ್ ಜಾರಿ ಬೀಳುವುದು ಮನೆಯವರಿಗೆ ಹೊಸದಲ್ಲ. ಒಂದು ಮೀಟರ್ ಎತ್ತರದಿಂದ ಬಿದ್ದರೆ ಅದು ಗಂಟೆಗೆ 16 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಮಂಗಳನ ಚಿಕ್ಕ ಚಂದ್ರ ಡೀಮೋಸ್ ಬಿಟ್ಟು ಹೋಗಲು ಬೇಕಾದದ್ದು ಗಂಟೆಗೆ ಬರೀ 20! ಸೈಕಲ್ ವೇಗ. ಮಂಗಳನ ಇನ್ನೊಂದು ಚಂದ್ರ ಫೋಬೋಸ್‌ಗೆ 41. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡುವಾಗ ಒಂದು ಹಂತದಲ್ಲಿ 44 ದಾಟಿದ್ದರು. ಆದರೆ ಫೋಬೋಸ್‌ನಲ್ಲಿ ಓಡುವುದು ಹೇಗೆ? ಅಲ್ಲಿನ ಸೆಳೆತ ನಮ್ಮದರ ಸಾವಿರದ ಒಂದು ಪಾಲಿಗಿಂತಲೂ ಕಮ್ಮಿ. ಮೊದಲ ಹೆಜ್ಜೆ ಒತ್ತಿದರೆ ಮೇಲೆ ಹೋದ ಮನುಷ್ಯ ಎರಡನೇ ಹೆಜ್ಜೆಗೆ ನೆಲ ಹುಡುಕುತ್ತಾ ತೇಲಬೇಕು.

67ಪಿ ಅನ್ನುವ ಧೂಮಕೇತು ಇನ್ನೂ ಸಲೀಸು. ಅದನ್ನು ಬಿಟ್ಟು ಹೋಗಲು ಸೆಕೆಂಡಿಗೆ ಒಂದು ಮೀಟರ್ ವೇಗ ಸಾಕು. ನಮ್ಮ ನಡಿಗೆಯೇ ಅದಕ್ಕಿಂತ ಜೋರು. 2014ರ ನವೆಂಬರ್ 12ರಂದು ಫಿಲೇ ಅನ್ನುವ ಯಂತ್ರ ಅಲ್ಲಿ ಇಳಿಯಿತು. ನೆಲಕ್ಕೆ ಚುಚ್ಚಿ ಹಿಡಿಯಬೇಕಿದ್ದ ಈಟಿಗಳು ಹಾರಲೇ ಇಲ್ಲ. ಯಂತ್ರ ಪುಟಿಯಿತು. ವೇಗ ಸೆಕೆಂಡಿಗೆ 38 ಸೆಂಟಿಮೀಟರ್, ಆಗಷ್ಟೇ ನಡೆಯಲು ಕಲಿತ ಮಗುವಿನಷ್ಟು. ಆ ಪುಟಿತಕ್ಕೆ ಮೇಲೆ ಹೋದದ್ದು ಮತ್ತೆ ನೆಲ ಮುಟ್ಟಿದ್ದು ಹತ್ತಿರ ಹತ್ತಿರ ಎರಡು ಗಂಟೆ ಬಿಟ್ಟು! ಕೊನೆಗೆ ಬಿಸಿಲು ಸರಿಯಾಗಿ ಬೀಳದ ಮೂಲೆಯಲ್ಲಿ ಸಿಕ್ಕಿಕೊಂಡು ಬ್ಯಾಟರಿ ಖಾಲಿ ಮಾಡಿಕೊಂಡಿತು. ನನ್ನ ಫೋನೂ ಬಿದ್ದರೆ ಮಂಚದ ಕೆಳಗಿನ ಮೂಲೆಗೇ ಹೋಗುತ್ತದೆ, ಆದರೆ ಅದಕ್ಕೆ ಎರಡು ಗಂಟೆ ಬೇಡ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಈ 11.2 ಎಲ್ಲ ಒಂದೇ ಸಲ ಎಸೆದು ಕೈಬಿಡುವವರಿಗೆ. ಯಾರಾದರೂ ನೂಕುತ್ತಲೇ ಇದ್ದರೆ ಎಷ್ಟು ನಿಧಾನಕ್ಕಾದರೂ ಹೋಗಬಹುದು. ಮೇಲೆ ಹೋದಂತೆ ಬೇಕಾದ ವೇಗವೂ ಇಳಿಯುತ್ತಾ ಬರುತ್ತದೆ. ಚಂದ್ರನಷ್ಟು ದೂರದಲ್ಲಿ ಸೆಕೆಂಡಿಗೆ 1.4 ಕಿಲೋಮೀಟರ್ ಸಾಕು. ಹಾಗಾದರೆ ಬಸವನಹುಳುವಿನ ವೇಗವೇ ಸಾಕಾಗುವ ಜಾಗ ಎಲ್ಲಿ? ಸೂರ್ಯ, ನಕ್ಷತ್ರ ಯಾವುದೂ ಇಲ್ಲ, ಭೂಮಿ ಒಂದೇ ಇದೆ ಅಂದುಕೊಂಡು ಲೆಕ್ಕ ಹಾಕಿದೆ. ಉತ್ತರ 84 ಸಾವಿರ ಜ್ಯೋತಿರ್ವರ್ಷ. ಅಲ್ಲಿಯವರೆಗೆ ಒಂದು ಏಣಿ ಇಟ್ಟು ಹುಳುವನ್ನು ಹತ್ತಿಸಿದರೆ, ತಲುಪಲು ವಿಶ್ವದ ಈಗಿನ ವಯಸ್ಸಿನ ಸುಮಾರು 18 ಲಕ್ಷ ಪಟ್ಟು ಕಾಲ ಬೇಕು. ತಲುಪಿದ ಮೇಲೆ ಏಣಿ ಬಿಟ್ಟು ಅದೇ ವೇಗದಲ್ಲಿ ಮುಂದೆ ಜಾರಿದರೆ ಆಯ್ತು, ಮತ್ತೆ ಭೂಮಿಗೆ ಬೀಳುವ ಭಯವಿಲ್ಲ.

ಅಕ್ಕನ ಮಗಳು ಪೂರ್ತಿ ಕೇಳಿಸಿಕೊಂಡಳು. ಅವಳಿಗೆ ಇದ್ದದ್ದು ಒಂದೇ ಪ್ರಶ್ನೆ.

"ಅಲ್ಲೀವರೆಗೂ ಏಣಿ ಯಾರು ಹಿಡ್ಕೊಂಡಿರ್ತಾರೆ?"